ಆನೆ ಯಾವುದು, ಇರುವೆ ಯಾವುದು: ಚಿಕ್ಕ ಮಕ್ಕಳಿಗೆ ಗುರುತು, ಚಿಹ್ನೆಗಳನ್ನು ಕಲಿಸುವ ಬಗೆ

ಎರಡು ಚೀಟಿ ತೆಗೆದುಕೊಂಡು ಒಂದರಲ್ಲಿ ‘ಆನೆ’, ಇನ್ನೊಂದರಲ್ಲಿ ‘ಇರುವೆ’ ಎಂದು ದಪ್ಪಕ್ಷರದಲ್ಲಿ ಬರೆಯಿರಿ. ಇನ್ನೂ ಓದಲು ಬಾರದ ನಾಲ್ಕು ವರ್ಷದ ಮಗುವಿನ ಮುಂದೆ ಇಟ್ಟು, ಒಂದರಲ್ಲಿ ಆನೆ ಅಂತ ಬರೆದಿದೆ, ಇನ್ನೊಂದರಲ್ಲಿ ಇರುವೆ ಅಂತ, ಆನೆ ಯಾವುದು ತೋರಿಸು ಎಂದು ಕೇಳಿ. ಎಷ್ಟೋ ಮಕ್ಕಳು ‘ಇರುವೆ’ ಚೀಟಿಯ ಮೇಲೆ ಬೆರಳಿಡುತ್ತಾರೆ. ಏಕೆಂದರೆ ಆನೆ ದೊಡ್ಡದು, ಅದರ ಬರಹವೂ ಉದ್ದವಾಗಿರಲೇಬೇಕು ಎನ್ನುವುದು ಅವರ ಲೆಕ್ಕ.

ಇನ್ನೊಂದು ಪರೀಕ್ಷೆ. ಹಸುವಿನ ಚಿತ್ರ, ಮರದ ಚಿತ್ರ ಪಕ್ಕಪಕ್ಕದಲ್ಲಿ ಇಡಿ. ‘ಹಸು’ ಎಂದು ಬರೆದ ಚೀಟಿಯನ್ನು ಓದಿ ಹೇಳಿ ಹಸುವಿನ ಕೆಳಗಿಡಿ. ಚೀಟಿಯಲ್ಲಿ ಏನಿದೆ ಎಂದು ಕೇಳಿದರೆ ಮಗು ‘ಹಸು’ ಎನ್ನುತ್ತದೆ. ಈಗ ಕೈ ತಗುಲಿ ಜರುಗಿದಂತೆ ಚೀಟಿಯನ್ನು ಮರದ ಕೆಳಕ್ಕೆ ಸರಿಸಿ, ಮತ್ತೆ ಕೇಳಿ. ‘ಮರ’ ಎಂದರೆ ಬರಹ ತನ್ನ ಅರ್ಥವನ್ನು ತಾನೇ ಹೊತ್ತಿರುತ್ತದೆ ಎಂಬುದು ಆ ಮಗುವಿಗೆ ಇನ್ನೂ ಗೊತ್ತಾಗಿಲ್ಲ ಎಂದರ್ಥ. ಕೆನಡಾದ ಮನೋವಿಜ್ಞಾನಿ ಎಲೆನ್ ಬಿಯಾಲಿಸ್ಟಾಕ್ ಬಳಕೆಗೆ ತಂದ ಪರೀಕ್ಷೆ ಇದು. ವರ್ಣಮಾಲೆಯನ್ನು ಅ ಇಂದ ಳ ವರೆಗೆ ಒಪ್ಪಿಸುವ ಮಗುವೂ ಇಲ್ಲಿ ತಪ್ಪುವುದುಂಟು.

ಗೋಡೆಗೆ ಚಾರ್ಟು ತೂಗುಹಾಕಿ ‘ಇದು ಏನು? ಇದು ಏನು?’ ಎಂದು ಹೇಳಿಸುವುದರಿಂದ ಈ ಕೊರತೆ ತುಂಬುವುದಿಲ್ಲ. ಗುರುತು ಎನ್ನುವುದು ಜನರು ಸೇರಿ ಮಾಡಿಕೊಂಡ ಒಪ್ಪಂದ. ಅದನ್ನು ಮಗು ಅರಿಯುವುದು ತಾನೇ ಒಂದು ಗುರುತು ಮಾಡಿ, ಅದು ಇನ್ನೊಬ್ಬರಿಗೆ ತಿಳಿಯುತ್ತದೋ ಇಲ್ಲವೋ ಎಂದು ನೋಡಿದಾಗ. ಮುಂದೆ ಹೇಳಿರುವುದೆಲ್ಲ ಮೂರರಿಂದ ಏಳು ವರ್ಷದ ಮಕ್ಕಳಿಗೆ. ಅಂಗನವಾಡಿ, ಒಂದನೇ ತರಗತಿ, ಮನೆ ಮೂರಕ್ಕೂ ಹೊಂದುತ್ತದೆ.

ಮೊದಲು ನಮ್ಮ ಪ್ರಶ್ನೆ ಬದಲಾಗಲಿ

ಲೋಟದ ಚಿತ್ರ ತೋರಿಸಿ ‘ಇದೇನು?’ ಎಂದರೆ ಮಗು ‘ಲೋಟ’ ಎನ್ನುತ್ತದೆ, ನಾವು ಸರಿ ಎನ್ನುತ್ತೇವೆ. ಆದರೆ ಅದು ಲೋಟವಲ್ಲ, ಅದರಿಂದ ನೀರು ಕುಡಿಯಲಾಗದು. ‘ಈ ಚಿತ್ರ ಏನು ಹೇಳ್ತಿದೆ?’ ಎಂದು ಕೇಳುವ ಅಭ್ಯಾಸ ಮಾಡಿಕೊಳ್ಳಿ. ನೀರಿನ ಮಡಕೆಯ ಮೇಲೆ ಅಂಟಿಸಿದ ಲೋಟದ ಚಿತ್ರ ‘ಇಲ್ಲಿ ಕುಡಿಯುವ ನೀರಿದೆ’ ಎನ್ನುತ್ತದೆ. ಅದೇ ಚಿತ್ರ ಪಾತ್ರೆ ಜೋಡಿಸುವ ಕಪಾಟಿನ ಮೇಲಿದ್ದರೆ ‘ಲೋಟ ಇಲ್ಲಿಡು’ ಎನ್ನುತ್ತದೆ. ಗುರುತು ಮತ್ತು ಜಾಗ ಸೇರಿ ಮಾತಾಗುತ್ತದೆ ಎನ್ನುವುದನ್ನು ಈ ಒಂದು ಪ್ರಶ್ನೆಯೇ ಮೆಲ್ಲಗೆ ಕಲಿಸುತ್ತದೆ.

ಸಂಕೇತ, ಚಿಹ್ನೆ, ಲಾಂಛನ ಎಂಬ ಪದಗಳು ಈ ವಯಸ್ಸಿಗೆ ಬೇಕಿಲ್ಲ. ‘ಗುರುತು’ ಎಂದರೆ ಸಾಕು. ಮಕ್ಕಳಿಗೆ ಅದು ಮನೆಯಲ್ಲೇ ಕೇಳಿ ಗೊತ್ತು.

ಬೇಕಾಗುವ ಸಾಮಾನು

ಅಂಗಡಿಯ ಫ್ಲ್ಯಾಶ್‌ಕಾರ್ಡು ಬೇಡ. ಹಳೆಯ ಕ್ಯಾಲೆಂಡರಿನ ಹಾಳೆಯನ್ನು ಬಿಳಿ ಬದಿ ಮೇಲಾಗಿ ರಟ್ಟಿಗೆ ಅಂಟಿಸಿ, 10 ಸೆಂ.ಮೀ.ಗೆ 10 ಸೆಂ.ಮೀ. ಚೌಕಗಳಾಗಿ ಕತ್ತರಿಸಿ. ಇಪ್ಪತ್ತು ಮಕ್ಕಳ ಗುಂಪಿಗೆ 80 ಚೌಕ ಬೇಕು: ಮಗುವಿಗೆ ಮೂರರಂತೆ 60, ಉಳಿದ 20 ಆಟಗಳಿಗೆ ಮತ್ತು ಹರಿದುಹೋದರೆ ಬದಲಿಗೆ. ಮನೆಯಲ್ಲಾದರೆ 15 ಸಾಕು. ದಪ್ಪ ಮೊನೆಯ ಕಪ್ಪು ಮಾರ್ಕರ್ ಒಂದು. ಸಣ್ಣ ಮೊನೆಯ ಪೆನ್ನಿನಲ್ಲಿ ಬರೆದದ್ದು ಎರಡು ಮೀಟರ್ ದೂರಕ್ಕೆ ಕಾಣುವುದಿಲ್ಲ. ಜೊತೆಗೆ ಅಗಲ ಟೇಪು, ಬಟ್ಟೆ ಕ್ಲಿಪ್ಪು, ಒಂದು ಹಿಡಿ ಹುಣಸೆಬೀಜ, ಮುಚ್ಚಳವಿರುವ ಒಂದು ಚಪ್ಪಲಿ ಪೆಟ್ಟಿಗೆ.

ಮೂರು ವರ್ಷದವರಿಗೆ ಒಂದು ಸಲಕ್ಕೆ 8ರಿಂದ 10 ನಿಮಿಷ, ಐದು ದಾಟಿದವರಿಗೆ 20 ನಿಮಿಷ. ವಾರಕ್ಕೊಮ್ಮೆ ಒಂದು ಗಂಟೆ ಕೂರಿಸುವುದಕ್ಕಿಂತ ದಿನವೂ ಹತ್ತು ನಿಮಿಷ ಮೇಲು.

ಪ್ರತಿ ಮಗುವಿಗೊಂದು ಗುರುತು

ಇದೊಂದನ್ನು ಸರಿಯಾಗಿ ಮಾಡಿದರೆ ಉಳಿದದ್ದರಲ್ಲಿ ಅರ್ಧ ಕೆಲಸ ಮುಗಿದಂತೆ. ಹಾಗಾಗಿ ಇದಕ್ಕೆ ಎರಡು ವಾರ ಕೊಡಿ.

ಮಕ್ಕಳ ಸಂಖ್ಯೆಗಿಂತ ಐದು ಹೆಚ್ಚು ಚಿತ್ರ ಬರೆದಿಡಿ: ಛತ್ರಿ, ಮೀನು, ಎತ್ತಿನಗಾಡಿ, ಬಾಳೆಗೊನೆ, ಗಾಳಿಪಟ, ತೆಂಗಿನಮರ, ಬೀಗ, ಆಮೆ, ಹೀಗೆ. ಪ್ರತಿ ಮಗು ತನ್ನದನ್ನು ತಾನೇ ಆರಿಸಲಿ. ಐದು ಹೆಚ್ಚಿಡುವುದು ಕೊನೆಗೆ ಬಂದ ಮಗುವಿಗೂ ಆಯ್ಕೆ ಉಳಿಯಲಿ ಎಂದು. ಉಳಿದಿರುವುದು ಒಂದೇ ಚಿತ್ರವಾದರೆ ಅದು ಆ ಮಗುವಿಗೆ ತನ್ನದು ಎನಿಸುವುದಿಲ್ಲ, ವಾರದೊಳಗೆ ಮರೆಯುತ್ತದೆ. ಹುಡುಗರಿಗೆ ಲಾರಿ, ಹುಡುಗಿಯರಿಗೆ ಹೂವು ಎಂದು ನೀವೇ ಹಂಚಬೇಡಿ. ದಾಸವಾಳ ಒಬ್ಬರಿಗೆ, ಗುಲಾಬಿ ಇನ್ನೊಬ್ಬರಿಗೆ ಎಂದೂ ಕೊಡಬೇಡಿ. ಕಪ್ಪು ಗೆರೆಯಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ, ಮೊದಲ ವಾರವೇ ಜಗಳ ಬರುತ್ತದೆ.

ಆರಿಸಿದ ಗುರುತನ್ನು ಮೂರು ಕಡೆ ಹಾಕಿ: ಚೀಲ ತೂಗುವ ಗೂಟದ ಮೇಲೆ, ಮಗುವಿನ ಚಿತ್ರಗಳ ಕಡತದ ಮೇಲೆ, ಹಾಜರಿ ಹಲಗೆಯಲ್ಲಿ. ಗೂಟದ ಕಾರ್ಡು ಮಗುವಿನ ಕಣ್ಣೆತ್ತರಕ್ಕಿರಲಿ, ಅಂದರೆ ನೆಲದಿಂದ 90 ಸೆಂ.ಮೀ. ಆಸುಪಾಸು. ಬೆಳಿಗ್ಗೆ ಬಂದ ಮಗು ಹಾಜರಿ ಹಲಗೆಯಲ್ಲಿ ತನ್ನ ಕಾರ್ಡನ್ನು ಹಿಂದುಮುಂದು ತಿರುಗಿಸಬೇಕು. ಎಲ್ಲರೂ ಬಂದ ಮೇಲೆ ಹಲಗೆಯ ಮುಂದೆ ಕುಳಿತು ‘ಇವತ್ತು ಯಾರು ಬಂದಿಲ್ಲ?’ ಎಂದು ಕೇಳಿ. ಆಮೆಯ ಕಾರ್ಡು ಮಾತ್ರ ಇನ್ನೂ ತಿರುಗಿಲ್ಲ, ಚಿತ್ರ ಕಾಣುತ್ತಿದೆ. ಆಮೆ ಎಂದರೆ ಯಾರು? ಆ ಮಗು ಅಲ್ಲಿಲ್ಲ, ಅದರ ಗುರುತು ಮಾತ್ರ ಇದೆ. ಇಲ್ಲದಿರುವುದನ್ನು ಮನಸ್ಸಿಗೆ ತರುವುದೇ ಗುರುತಿನ ಕೆಲಸ. ಅದು ಇಷ್ಟು ಸಹಜವಾಗಿ ಸಿಕ್ಕುವ ಸಂದರ್ಭ ಬೇರೆ ಸಿಗದು.

ಮೂರನೇ ವಾರದಿಂದ ಚಿತ್ರದ ಕೆಳಗೆ ಹೆಸರು ಬರೆಯಿರಿ. ಮೂರು ತಿಂಗಳಾದ ಮೇಲೆ ಚಿತ್ರವನ್ನು ಅರ್ಧ ಅಳತೆಗೆ ಇಳಿಸಿ, ಹೆಸರನ್ನು ದೊಡ್ಡದು ಮಾಡಿ. ವರ್ಷದ ಕೊನೆಯಲ್ಲಿ ಹೆಸರು ಮಾತ್ರ. ಚಿತ್ರವನ್ನು ಒಂದೇ ದಿನ ತೆಗೆದುಬಿಟ್ಟರೆ ಮಕ್ಕಳು ಕಾರ್ಡನ್ನು ಬಿಟ್ಟು ಗೂಟದ ಸ್ಥಾನವನ್ನು ನೆಚ್ಚಿಕೊಳ್ಳುತ್ತಾರೆ. ಅದಕ್ಕೇ ತಿಂಗಳಿಗೊಮ್ಮೆ ಗೂಟಗಳ ಕಾರ್ಡು ಅದಲುಬದಲು ಮಾಡಿ. ತಬ್ಬಿಬ್ಬಾದ ಮಗು ಯಾವುದೆಂದು ನಿಮಗೂ ಗೊತ್ತಾಗುತ್ತದೆ.

ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಮೊದಲಾದ, ಸರ್ಕಾರಿ ಶಾಲೆಗಳ ಚಟುವಟಿಕೆ ಕಲಿಕೆಯ ಪದ್ಧತಿ ನಲಿ-ಕಲಿಯ ಕಲಿಕಾ ಏಣಿ ನಿಂತಿರುವುದೂ ಇಂಥ ಗುರುತುಗಳ ಮೇಲೆಯೇ. ಏಣಿಯ ಮೆಟ್ಟಿಲುಗಳ ಮೇಲೆ ಲೋಗೋ ಚಿತ್ರಗಳಿರುತ್ತವೆ. ಓದು ಬಾರದ ಮಗುವೂ ಅದನ್ನು ನೋಡಿ ಮುಂದಿನ ಚಟುವಟಿಕೆ ಯಾವುದೆಂದು ತಾನೇ ತಿಳಿದು ಕಾರ್ಡು ತೆಗೆದುಕೊಳ್ಳುತ್ತದೆ. ಅಂಗನವಾಡಿಯಲ್ಲಿ ತನ್ನ ಗುರುತನ್ನು ಬಳಸಿ ಬಂದ ಮಗುವಿಗೆ ಆ ಏಣಿ ಹೊಸದೆನಿಸುವುದಿಲ್ಲ.

ವಸ್ತುವಿನಿಂದ ಗೆರೆಗೆ

ಒಂದೇ ವಸ್ತುವನ್ನು ಮೆಟ್ಟಿಲು ಮೆಟ್ಟಿಲಾಗಿ ತೆಳುವಾಗಿಸುತ್ತ ಹೋಗಬೇಕು. ಬಾಚಣಿಗೆ ಎಂದಿಟ್ಟುಕೊಳ್ಳಿ. ಮೊದಲು ಬಾಚಣಿಗೆಯನ್ನೇ ಪೆಟ್ಟಿಗೆಯೊಂದರ ಮುಚ್ಚಳಕ್ಕೆ ಕಟ್ಟಿ, ಒಳಗೆ ಬಾಚಣಿಗೆಗಳನ್ನು ಹಾಕಿಸಿ. ಮುಂದಿನ ಮೆಟ್ಟಿಲಲ್ಲಿ ಮುಚ್ಚಳದ ಮೇಲೆ ಅದರ ಫೋಟೋ, ಆಮೇಲೆ ಅದನ್ನಿಟ್ಟು ಸುತ್ತ ಗೆರೆ ಎಳೆದ ಆಕಾರ, ಕೊನೆಗೆ ಒಂದು ಅಡ್ಡಗೆರೆ ಮತ್ತು ಆರು ಹಲ್ಲುಗಳು ಮಾತ್ರ. ಪ್ರತಿ ಮೆಟ್ಟಿಲಿಗೂ ಎರಡು ದಿನ ಸಾಕು. ಸುತ್ತುಗೆರೆಯನ್ನು ಮಕ್ಕಳೇ ಎಳೆಯಲಿ. ವಸ್ತು ಎತ್ತಿದ ಮೇಲೆ ಕಾಗದದಲ್ಲಿ ಅದರ ಜಾಗ ಉಳಿಯುವುದನ್ನು ಕಂಡು ಅವರಿಗಾಗುವ ಸಂತೋಷ ದೊಡ್ಡದು, ಅವಸರ ಮಾಡಬೇಡಿ.

ಬಿಸ್ಕತ್ತು, ಸೋಪಿನ ಹೊದಿಕೆಗಳನ್ನೂ ಹೀಗೆಯೇ ಬಳಸಬಹುದು. ಮನೆಗೆ ಬರುವ ಹಾಲಿನ ಪ್ಯಾಕೆಟ್ಟಿನ ಬಣ್ಣವಂತೂ ಮೂರು ವರ್ಷದವರಿಗೂ ಗೊತ್ತು. ಮೊದಲು ಇಡೀ ಹೊದಿಕೆ, ಆಮೇಲೆ ಕತ್ತರಿಸಿದ ಹೆಸರಿನ ತುಂಡು, ಆಮೇಲೆ ಅದೇ ಹೆಸರು ಕಪ್ಪು ಶಾಯಿಯಲ್ಲಿ. ಎರಡನೇ ಹಂತದವರೆಗೆ ಗಟ್ಟಿಯಾಗಿ ‘ಓದಿದ’ ಮಗು ಮೂರನೆಯದರಲ್ಲಿ ಸುಮ್ಮನಾದರೆ ಗಾಬರಿ ಬೇಡ, ಅದು ಇಷ್ಟು ದಿನ ಓದಿದ್ದು ಬಣ್ಣವನ್ನು.

ಚಪ್ಪಲಿ ಪೆಟ್ಟಿಗೆಯ ಕೋಣೆ

ಪೆಟ್ಟಿಗೆಯೊಳಗೆ ನಿಮ್ಮ ಕೋಣೆಯ ಪುಟ್ಟ ರೂಪ ಮಾಡಿ. ಬೆಂಕಿಪೊಟ್ಟಣ ಕಪಾಟು, ಬಟ್ಟೆಯ ತುಂಡು ಚಾಪೆ, ಬಾಟಲಿ ಮುಚ್ಚಳ ಬಕೆಟ್ಟು. ನಾಲ್ಕೈದು ವಸ್ತು ಸಾಕು. ಚಾಪೆಯ ಬಣ್ಣ ಎರಡು ಕಡೆಯೂ ಒಂದೇ ಇರಲಿ. ಪೆಟ್ಟಿಗೆಯ ಬಾಗಿಲು ಕೋಣೆಯ ಬಾಗಿಲು ಇರುವ ದಿಕ್ಕಿಗೇ ಇರಬೇಕು, ತಿರುಗಿದರೆ ಐದು ವರ್ಷದವರೂ ಎಡಬಲ ತಪ್ಪುತ್ತಾರೆ. ಮಗು ನೋಡುತ್ತಿರುವಂತೆ ಪುಟ್ಟ ಚಾಪೆಯ ಕೆಳಗೆ ಹುಣಸೆಬೀಜ ಬಚ್ಚಿಟ್ಟು, ‘ದೊಡ್ಡ ಕೋಣೆಯಲ್ಲೂ ಇದೇ ಜಾಗದಲ್ಲಿ ಒಂದು ಚೆಂಡು ಅಡಗಿದೆ, ಹುಡುಕು’ ಎನ್ನಿ. ಚೆಂಡನ್ನು ಮೊದಲೇ ಅಲ್ಲಿ ಇಟ್ಟಿರಬೇಕು. ಆಮೇಲೆ ಪೆಟ್ಟಿಗೆಗೆ ಮರಳಿ, ಬೀಜ ಎಲ್ಲಿತ್ತು ತೋರಿಸು ಎನ್ನಿ.

ಅಮೆರಿಕದ ಮನೋವಿಜ್ಞಾನಿ ಜೂಡಿ ಡಿಲೋಷ್ 1987ರಲ್ಲಿ ಪ್ರಕಟಿಸಿದ ಪ್ರಯೋಗ ಇದೇ. ಮೂರು ತುಂಬಿದ ಮಕ್ಕಳಲ್ಲಿ ಹೆಚ್ಚಿನವರು ನೇರವಾಗಿ ಹೋಗಿ ಹುಡುಕಿದರು. ಎರಡೂವರೆ ವರ್ಷದವರು ಕೋಣೆಯಲ್ಲಿ ತಪ್ಪಿದರು, ಆದರೆ ಪುಟ್ಟ ಮಾದರಿಗೆ ಮರಳಿ ಅಲ್ಲಿ ಬಚ್ಚಿಟ್ಟದ್ದನ್ನು ಸರಿಯಾಗಿ ತೆಗೆದರು. ನೆನಪು ಚೆನ್ನಾಗಿಯೇ ಇತ್ತು. ಇದು ಅದನ್ನು ತೋರಿಸುತ್ತದೆ ಎಂಬ ಕೊಂಡಿ ಇನ್ನೂ ಕೂಡಿರಲಿಲ್ಲ. ಇನ್ನೂ ಮುಖ್ಯವಾದ ಸಂಗತಿ ಅವರ ಮುಂದಿನ ಪ್ರಯೋಗಗಳಲ್ಲಿದೆ. ಮಾದರಿಯನ್ನು ಗಾಜಿನ ಆಚೆ ಇಟ್ಟು ಮುಟ್ಟಗೊಡದಿದ್ದಾಗ ಚಿಕ್ಕವರೂ ಹೆಚ್ಚು ಸರಿ ಹುಡುಕಿದರು. ಮೊದಲೇ ಅದರ ಜೊತೆ ಆಡಲು ಬಿಟ್ಟಾಗ ಮೂರು ವರ್ಷದವರೂ ತಪ್ಪತೊಡಗಿದರು. ವಸ್ತು ಆಟಿಕೆಯಾಗಿ ಎಷ್ಟು ಮನಸೆಳೆಯುತ್ತದೋ ಗುರುತಾಗಿ ಅಷ್ಟು ಮಸುಕಾಗುತ್ತದೆ.

ಹಾಗಾಗಿ ಪೆಟ್ಟಿಗೆಯ ಕೋಣೆಯನ್ನು ಆಟಕ್ಕೆ ಕೊಡಬೇಡಿ, ಕೆಲಸ ಮುಗಿದ ಕೂಡಲೇ ಮುಚ್ಚಳ ಹಾಕಿ ಮೇಲಿಡಿ. ಮಿಂಚುವ, ಕಣ್ಣು-ಬಾಲ ಇರುವ ಪ್ಲಾಸ್ಟಿಕ್ ಅಕ್ಷರಗಳಿಗೂ ಇದೇ ತೊಂದರೆ. ಮಗು ‘ಕ’ವನ್ನು ಹಾವು ಮಾಡಿ ಓಡಿಸುತ್ತದೆ, ಅದರ ದನಿ ಹಿಂದೆ ಬೀಳುತ್ತದೆ. ಕಪ್ಪು ಗೆರೆಯ ಸಾದಾ ಅಕ್ಷರವೇ ಒಳ್ಳೆಯದು.

ಬಾಣದ ಗುರುತು ಸುಲಭವಲ್ಲ

ದೊಡ್ಡವರಿಗೆ ಬಾಣ ತಾನಾಗಿಯೇ ಅರ್ಥವಾಗುವಂಥದ್ದು. ನಾಲ್ಕು ವರ್ಷದ ಮಗುವಿಗೆ ಅದು ಮೂರು ಕಡ್ಡಿ. ಯಾವ ತುದಿಯ ಕಡೆ ಹೋಗಬೇಕೆಂಬುದು ಅದರಲ್ಲಿ ಬರೆದಿಲ್ಲ, ಅಗಲವಾದ ಬದಿಗೇ ಓಡುವ ಮಕ್ಕಳಿದ್ದಾರೆ. ಮೊದಲು ರಂಗೋಲಿಪುಡಿಯಲ್ಲಿ ಹೆಜ್ಜೆಗುರುತು ಮೂಡಿಸಿ ಅದರ ಮೇಲೆ ನಡೆಸಿ. ಕೃಷ್ಣಾಷ್ಟಮಿಗೆ ಬಾಗಿಲಿಂದ ಒಳಕ್ಕೆ ಪುಟ್ಟ ಹೆಜ್ಜೆ ಬಿಡಿಸುವ ಮನೆಗಳಲ್ಲಿ ಮಕ್ಕಳಿಗೆ ಇದು ಮೊದಲೇ ಗೊತ್ತಿರುತ್ತದೆ. ಆಮೇಲೆ ತೋರುಬೆರಳು ಚಾಚಿದ ಕೈ ಬಿಡಿಸಿ. ಹಳೆಯ ದಾರಿಗಳಲ್ಲಿ ದಾರಿ ತೋರುವ ಕಂಬವಾದ ಕೈಮರ ಇದೇ ಕೆಲಸ ಮಾಡುತ್ತಿತ್ತು, ಚಿಕ್ಕಮಗಳೂರಿನಿಂದ ಬಾಬಾಬುಡನ್‌ಗಿರಿಗೆ ಹೋಗುವಾಗ ಕೈಮರ ಎನ್ನುವ ಊರೇ ಸಿಗುತ್ತದೆ. ಆ ಕೈಯ ಉಳಿದ ಬೆರಳುಗಳನ್ನು ಅಳಿಸುತ್ತ ಬಂದರೆ ಕೊನೆಗುಳಿಯುವುದು ಬಾಣ. ಹೆಜ್ಜೆ, ಕೈ, ಬಾಣ ಮೂರನ್ನೂ ಒಂದೇ ದಾರಿಯಲ್ಲಿ ಒಂದು ವಾರ ಜೊತೆಜೊತೆಗೆ ಇಟ್ಟು, ಒಂದೊಂದಾಗಿ ತೆಗೆಯಿರಿ.

ಮಕ್ಕಳೇ ಗುರುತು ಮಾಡಲಿ

ಐದು ವರ್ಷದವರಿಗೆ ಒಂದು ನಿಜವಾದ ತೊಂದರೆ ಕೊಡಿ. ಹೂಕುಂಡದ ಗಿಡ ಚಿವುಟಿಹೋಗುತ್ತಿದೆ, ‘ಮುಟ್ಟಬೇಡಿ’ ಎಂದು ಹೇಳಬೇಕು, ಆದರೆ ಓದು ಬಾರದವರಿಗೂ ತಿಳಿಯಬೇಕು. ನಾಲ್ಕು ನಾಲ್ಕು ಮಕ್ಕಳ ಗುಂಪು ಮಾಡಿ, ಗುಂಪಿಗೊಂದು ಕಾರ್ಡು, ಹತ್ತು ನಿಮಿಷ. ಬಿಡಿಸಿದ್ದನ್ನು ಪಕ್ಕದ ಕೋಣೆಯ ಮಕ್ಕಳಿಗೆ ತೋರಿಸಿ ‘ಇದು ಏನು ಹೇಳ್ತಿದೆ?’ ಎಂದು ಕೇಳಬೇಕು, ಬಿಡಿಸಿದವರು ಬಾಯಿ ಬಿಡುವಂತಿಲ್ಲ.

ಮೊದಲ ಸಲ ಹೆಚ್ಚಿನ ಗುಂಪುಗಳು ಸೋಲುತ್ತವೆ. ಹೂವನ್ನು ಚೆಂದವಾಗಿ ಬಿಡಿಸಿರುತ್ತಾರೆ, ಓದಿದವರು ‘ಇಲ್ಲಿ ಹೂವಿದೆ’ ಎನ್ನುತ್ತಾರೆ. ‘ಬೇಡ’ ಎನ್ನುವುದನ್ನು ಬಿಡಿಸುವುದು ಹೇಗೆ? ಇಲ್ಲಿ ನೀವು ಉತ್ತರ ಕೊಡಬಾರದು. ಒಂದು ಗುಂಪು ಅಳುವ ಹೂವು ಬಿಡಿಸುತ್ತದೆ, ಇನ್ನೊಂದು ಕೈಯ ಮೇಲೆ ಗೀಟು ಹಾಕುತ್ತದೆ. ಎರಡನ್ನೂ ಮತ್ತೆ ಪಕ್ಕದ ಕೋಣೆಗೆ ಕಳಿಸಿ. ಹೆಚ್ಚು ಜನಕ್ಕೆ ತಿಳಿದದ್ದನ್ನು ಕುಂಡಕ್ಕೆ ಕಟ್ಟಿ. ಇಷ್ಟಾದ ಮೇಲೆ ರಸ್ತೆಯಲ್ಲಿ ಓರೆಗೀಟು ಹಾಕಿದ ಕೆಂಪು ವೃತ್ತ ಕಂಡಾಗ ಅದರ ಹಿಂದೆ ಯಾರೋ ಹೀಗೇ ಕೂತು ಯೋಚಿಸಿದ್ದಾರೆ ಎಂಬುದು ಅವರಿಗೆ ಹೊಳೆಯುತ್ತದೆ.

ಊರಿನಲ್ಲಿ ಇದಕ್ಕೆ ಜೊತೆಗಾರರಿದ್ದಾರೆ. ಮಡಿವಾಳರು ಬಟ್ಟೆಯ ಮೂಲೆಯಲ್ಲಿ ಹಾಕುವ ಶಾಯಿ ಗುರುತು, ಕುರಿಯ ಬೆನ್ನಿಗೆ ಬಳಿಯುವ ಬಣ್ಣ, ಮೂಟೆ ಎಣಿಸುವಾಗ ಗೋಡೆಗೆ ಎಳೆಯುವ ಗೀಟು. ಹಾಕಿದವರನ್ನೇ ಕರೆಸಿ ಕೇಳಿಸಿದರೆ ಎಲ್ಲಕ್ಕಿಂತ ಚೆನ್ನ.

ಮತದಾನದ ಆಟವೂ ಆಗಲಿ. 1951-52ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಓದು ಬಲ್ಲವರು ಕಡಿಮೆಯಿದ್ದುದರಿಂದ ಒಬ್ಬೊಬ್ಬ ಅಭ್ಯರ್ಥಿಗೂ ಬೇರೆ ಬೇರೆ ಪೆಟ್ಟಿಗೆ ಇಟ್ಟು, ಅದರ ಮೇಲೆ ಅವರವರ ಚಿಹ್ನೆ ಅಂಟಿಸಿದ್ದರು. ತರಗತಿಯಲ್ಲೂ ಹಾಗೆಯೇ ಮಾಡಿ: ಶುಕ್ರವಾರ ಯಾವ ಆಟ ಎಂಬುದಕ್ಕೆ ಮೂರು ಡಬ್ಬಿ, ಮೇಲೆ ಚೆಂಡು, ಹಗ್ಗ, ಲಗೋರಿ ಕಲ್ಲಿನ ಚಿತ್ರ. ಮಗುವಿಗೆ ಒಂದು ಹುಣಸೆಬೀಜ. ಎಣಿಸಿ, ಗೆದ್ದದ್ದನ್ನು ಆಡಿಸಲೇಬೇಕು. ಆಡಿಸದಿದ್ದರೆ ಗುರುತಿಗೆ ಬೆಲೆಯಿಲ್ಲ ಎಂದು ಕಲಿಸಿದಂತಾಗುತ್ತದೆ. ಪಕ್ಷಗಳ ಚಿಹ್ನೆ ಒಳಗೆ ತರಬೇಡಿ.

ಅಡುಗೆಮನೆ, ಗೋಡೆ, ರಸ್ತೆ

ತಿಂಡಿ ಪೊಟ್ಟಣದ ಮೇಲೆ ಹಸಿರು ಚೌಕದೊಳಗೆ ಹಸಿರು ಚುಕ್ಕಿಯಿದ್ದರೆ ಸಸ್ಯಾಹಾರ. ಕಂದು ಚೌಕದೊಳಗೆ ಕಂದು ತ್ರಿಕೋನವಿದ್ದರೆ ಮಾಂಸಾಹಾರ, ಮೊಟ್ಟೆಯೂ ಇದರಲ್ಲೇ. ಮೊದಲು ಎರಡಕ್ಕೂ ವೃತ್ತವೇ ಇತ್ತು. ಈಗ ಆಕಾರವೂ ಬೇರೆಯಾಗಿರುವುದರಿಂದ ಬಣ್ಣಗಳನ್ನು ಬೇರ್ಪಡಿಸಿ ಕಾಣಲಾಗದವರಿಗೂ ತಿಳಿಯುತ್ತದೆ. ಕಲಿಸುವಾಗ ಒಂದು ಎಚ್ಚರ: ಹಸಿರು ಒಳ್ಳೆಯದು, ಕಂದು ಕೆಟ್ಟದ್ದು ಎಂಬ ಮಾತು ನಿಮ್ಮ ಬಾಯಿಂದ ಬರಕೂಡದು. ಎರಡೂ ಬಗೆಯ ಊಟದ ಮನೆಗಳ ಮಕ್ಕಳು ಎದುರಿಗೆ ಕುಳಿತಿರುತ್ತಾರೆ. ಗುರುತು ಒಳಗೇನಿದೆ ಎಂದು ಹೇಳುತ್ತದೆ, ಅಷ್ಟೇ.

ಗೋಡೆಯ ಕ್ಯಾಲೆಂಡರಿನಲ್ಲಿ ಹುಣ್ಣಿಮೆಗೆ ಬಿಳಿ ವೃತ್ತ, ಅಮಾವಾಸ್ಯೆಗೆ ಕಪ್ಪು ವೃತ್ತ. ‘ಕಪ್ಪು ಚಂದ್ರ ಬರ್ತಾನೆ’ ಎನ್ನುತ್ತಾರೆ ಮಕ್ಕಳು. ತಿದ್ದಬೇಡಿ, ಅಮಾವಾಸ್ಯೆಯಿಂದ ಹುಣ್ಣಿಮೆಯವರೆಗೆ ದಿನವೂ ಸಂಜೆ ಆಕಾಶ ತೋರಿಸಿ, ಕಂಡ ಆಕಾರವನ್ನು ಆ ದಿನದ ಚೌಕದಲ್ಲಿ ಬಿಡಿಸಲು ಹೇಳಿ. ಹದಿನೈದು ಚೌಕ ತುಂಬುವಷ್ಟರಲ್ಲಿ ಮಗುವೇ ತಿದ್ದಿಕೊಂಡಿರುತ್ತದೆ. ಮೋಡ ಕವಿದ ದಿನಕ್ಕೆ ಏನು ಗುರುತು ಎಂಬುದನ್ನೂ ಮಗುವೇ ತೀರ್ಮಾನಿಸಲಿ.

ರಸ್ತೆಫಲಕಗಳನ್ನು ಐದರ ನಂತರ, ಆಕಾರದಿಂದ ಶುರುಮಾಡಿ. ಕೆಂಪು ಅಂಚಿನ ತ್ರಿಕೋನ ‘ಜೋಕೆ’ ಎನ್ನುತ್ತದೆ. ಕೆಂಪು ಅಂಚಿನ ವೃತ್ತ ತಡೆಯುತ್ತದೆ ಅಥವಾ ಮಿತಿ ಹಾಕುತ್ತದೆ, ನೀಲಿ ವೃತ್ತ ಹೀಗೇ ಮಾಡಬೇಕು ಎನ್ನುತ್ತದೆ, ನೀಲಿ ಆಯತ ಸುದ್ದಿ ಕೊಡುತ್ತದೆ. ಎಂಟು ಮೂಲೆಯ ಕೆಂಪು ಫಲಕ ಒಂದೇ, ಅದು ‘ನಿಲ್ಲು’. ಬರಿಯ ಆಕಾರಗಳನ್ನು ಕತ್ತರಿಸಿ ನಾಲ್ಕು ದಿನ ಆಡಿಸಿ, ಆಮೇಲೆ ಒಳಗಿನ ಚಿತ್ರ ಸೇರಿಸಿ. ಸಿಗ್ನಲ್ ದೀಪದಲ್ಲಿ ಬಣ್ಣದ ಜೊತೆ ಸ್ಥಾನವನ್ನೂ ಹೇಳಿಕೊಡಿ, ಮೇಲಿನದು ಕೆಂಪು, ಕೆಳಗಿನದು ಹಸಿರು. ಕೆಂಪು-ಹಸಿರು ಬೇರೆಬೇರೆಯಾಗಿ ಕಾಣದ ಮಕ್ಕಳು, ಅದರಲ್ಲೂ ಹುಡುಗರು, ಇರುತ್ತಾರೆ, ಅದು ಅವರಿಗೂ ಗೊತ್ತಿರುವುದಿಲ್ಲ.

ಆರು ದಾಟಿದವರಿಗೆ ನೋಟು ಕೊಟ್ಟು ಕಣ್ಣು ಮುಚ್ಚಿಸಿ. ಹೊಸ 100 ರೂಪಾಯಿ ನೋಟಿನ ಅಂಚಿನಲ್ಲಿ ನಾಲ್ಕು ಓರೆಗೆರೆ, 500ರದ್ದರಲ್ಲಿ ಐದು, ಬೆರಳಿಗೆ ತಾಕುತ್ತವೆ. 100ರಲ್ಲಿ ಉಬ್ಬಿದ ತ್ರಿಕೋನ, 500ರಲ್ಲಿ ಉಬ್ಬಿದ ವೃತ್ತವೂ ಇದೆ. ಕಣ್ಣು ಕಾಣದವರಿಗಾಗಿ ಮಾಡಿದ ಗುರುತು ಎಂದು ಹೇಳಿ. ತೀರಾ ಹಳಸಿದ ನೋಟಿನಲ್ಲಿ ಉಬ್ಬು ಸವೆದಿರುತ್ತದೆ, ಗರಿಗರಿ ನೋಟೇ ಬೇಕು.

ವಿಷದ ಗುರುತು

ಹೊಲ, ತೋಟ ಇರುವ ಮನೆಗಳಲ್ಲಿ ಇದನ್ನು ಮುಂದೂಡಬಾರದು. ಕೀಟನಾಶಕದ ಡಬ್ಬಿಯ ಮೇಲೆ ಮೂಲೆಯ ಮೇಲೆ ನಿಂತ ಚೌಕವಿರುತ್ತದೆ. ಅದರ ಕೆಳಗಿನ ಅರ್ಧ ಕೆಂಪು, ಹಳದಿ, ನೀಲಿ ಅಥವಾ ಹಸಿರು. ಕೆಂಪು ಎಲ್ಲಕ್ಕಿಂತ ತೀವ್ರ ವಿಷ, ಹಸಿರು ಎಲ್ಲಕ್ಕಿಂತ ಕಡಿಮೆ. ಕಡಿಮೆಯೆಂದರೂ ವಿಷವೇ. ತಲೆಬುರುಡೆಯ ಚಿತ್ರ ಕೆಂಪಿನದರಲ್ಲಿ ಮಾತ್ರ.

ತಿಂಡಿ ಪೊಟ್ಟಣದ ಹಸಿರು, ಸಿಗ್ನಲ್ಲಿನ ಹಸಿರು ಎರಡನ್ನೂ ‘ಸರಿ’ ಎಂದು ಕಲಿತ ಮಗು ಈ ಹಸಿರನ್ನೂ ಹಾಗೆಯೇ ಓದೀತು. ಆದ್ದರಿಂದ ಇಲ್ಲಿ ಬಣ್ಣವನ್ನು ಕಲಿಸಲೇಬೇಡಿ. ಮೂಲೆಯ ಮೇಲೆ ನಿಂತ ಚೌಕ ಕಂಡರೆ ಮುಟ್ಟಬಾರದು, ದೊಡ್ಡವರನ್ನು ಕರೆಯಬೇಕು, ಇಷ್ಟೇ ಪಾಠ. ಚಿತ್ರವನ್ನು ಕಾರ್ಡಿನಲ್ಲಿ ಬರೆದು ತೋರಿಸಿ, ಖಾಲಿ ಡಬ್ಬಿಯನ್ನು ತರಗತಿಗೆ ತರಬೇಡಿ. ತಲೆಬುರುಡೆಯನ್ನು ಕಾರ್ಟೂನಿನಲ್ಲಿ ನೋಡಿದ ಮಕ್ಕಳಿಗೆ ಅದು ತಮಾಷೆಯಾಗಿ ಕಾಣುತ್ತದೆ, ಅದು ಹೆದರಿಸುತ್ತದೆ ಎಂದು ನೆಚ್ಚಬೇಡಿ. ಗುರುತು ಗೊತ್ತಿರುವ ಮಗುವೂ ಕೈ ಹಾಕಬಹುದು. ಡಬ್ಬಿ ಬೀಗದೊಳಗೇ ಇರಬೇಕು. ಕೀಟನಾಶಕವನ್ನು ತಂಪುಪಾನೀಯದ ಬಾಟಲಿಗೆ ಸುರಿದಿಡುವ ರೂಢಿ ಎಲ್ಲಕ್ಕಿಂತ ಅಪಾಯ, ಆಗ ಗುರುತೇ ಸುಳ್ಳು ಹೇಳುತ್ತದೆ.

ಅಕ್ಷರ, ಅಂಕಿ

ಮೂರು ಬೀಜ, ಮೂರು ಗೀಟು, ಮಡಿಸದ ಮೂರು ಬೆರಳಿನ ಚಿತ್ರ, 3, ೩. ಐದನ್ನೂ ಒಂದು ಹಗ್ಗಕ್ಕೆ ಕ್ಲಿಪ್ಪಿನಲ್ಲಿ ಸಿಕ್ಕಿಸಿ. ಬೀಜವನ್ನು ಪುಟ್ಟ ಪೊಟ್ಟಣದಲ್ಲಿ ಹಾಕಿ. ಒಂದೇ ಸಂಖ್ಯೆಗೆ ಎರಡು ಅಂಕಿ ಇರುವುದು ನಮ್ಮ ಮಕ್ಕಳಿಗೆ ಗೊಂದಲ ಎಂದು ಹೆದರುವವರಿದ್ದಾರೆ. ನಮ್ಮ ಅನಿಸಿಕೆ ಬೇರೆ, ಗುರುತು ಬದಲಾದರೂ ಸಂಖ್ಯೆ ಬದಲಾಗದು ಎನ್ನುವುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ದಾರಿಯಿಲ್ಲ. ಹೊರದೇಶದ ಕನ್ನಡ ಮನೆಗಳಲ್ಲಿ ಎರಡು ಲಿಪಿ ನೋಡುತ್ತ ಬೆಳೆಯುವ ಮಕ್ಕಳಿಗೂ ಈ ಅನುಕೂಲವಿದೆ. ಆದರೆ ಎರಡು ಬಗೆಯ ಅಂಕಿಯನ್ನೂ ಒಟ್ಟಿಗೆ ಶುರುಮಾಡಬೇಡಿ, ಒಂದು ಗಟ್ಟಿಯಾದ ಮೇಲೆ ಇನ್ನೊಂದನ್ನು ಹಗ್ಗಕ್ಕೆ ಸೇರಿಸಿ. ೬ ಮತ್ತು ೯ನ್ನು ಒಂದೇ ವಾರ ಇಡಬೇಡಿ.

ಅಕ್ಷರದಲ್ಲಿ ಕನ್ನಡ ಕೊಡುವ ಒಂದು ಒಳ್ಳೆಯ ಅವಕಾಶ ಗುಣಿತ ಚಿಹ್ನೆಗಳದ್ದು. ತಲಕಟ್ಟು, ಗುಡಿಸು, ಕೊಂಬು ಎಂದು ಅವುಗಳಿಗೆ ನೋಡಿದಂತೆ ಹೆಸರಿದೆ. ಕೊಂಬಿನಿಂದ ಶುರುಮಾಡಿ. ಪಾರದರ್ಶಕ ಪ್ಲಾಸ್ಟಿಕ್ ತುಂಡಿನ ಮೇಲೆ ಕೊಂಬನ್ನು ಬರೆದು ಕ, ಗ, ತ, ನ ಕಾರ್ಡುಗಳ ಬಲಕ್ಕೆ ಹಚ್ಚುತ್ತ ಹೋಗಿ: ಕು, ಗು, ತು, ನು. ಒಂದೇ ಗುರುತು ಎಲ್ಲ ಕಡೆಯೂ ಒಂದೇ ದನಿ ಸೇರಿಸುತ್ತದೆ. ಗುಡಿಸು ಹೀಗೆ ಕೂರುವುದಿಲ್ಲ, ಅದು ತಲಕಟ್ಟನ್ನು ತೆಗೆದು ಆ ಜಾಗಕ್ಕೆ ಬರುತ್ತದೆ, ಆದ್ದರಿಂದ ಎರಡನೆಯದಾಗಿರಲಿ. ಪು, ವುಗಳಲ್ಲಿ ಕೊಂಬು ಕೆಳಗಿಳಿದು ಬೇರೆ ರೀತಿ ಕೂಡುತ್ತದೆ, ಅವೆರಡನ್ನು ಕೊನೆಗೆ ಇಟ್ಟುಕೊಳ್ಳಿ. ಪ, ವ, ಷ ಒಂದೇ ದಿನ ತೋರಿಸಿದರೆ ಮೂರೂ ಕಲಸಿಹೋಗುತ್ತವೆ.

ಬೇವು ಬೆಲ್ಲ, ಬಾವುಟ

ಇಲ್ಲಿಯವರೆಗಿನ ಗುರುತುಗಳು ತೋರಿಸುವುದು ಕಣ್ಣಿಗೆ ಕಾಣುವ ವಸ್ತುವನ್ನು, ಕಿವಿಗೆ ಕೇಳುವ ದನಿಯನ್ನು, ಎಣಿಸಬಹುದಾದುದನ್ನು, ಮಾಡಬೇಕಾದ ಕೆಲಸವನ್ನು. ಭಾವವನ್ನು ತೋರಿಸುವ ಗುರುತು ಕೊನೆಗೆ ಬರಬೇಕು. ಯುಗಾದಿಯ ಬೇವು ಬೆಲ್ಲ ಅದಕ್ಕೆ ಹೇಳಿ ಮಾಡಿಸಿದ್ದು, ಏಕೆಂದರೆ ಅದು ನಾಲಿಗೆಗೆ ಸಿಗುತ್ತದೆ. ತಿನ್ನಿಸಿದ ಮೇಲೆ ‘ಬೇವಿನಂಥ ದಿನ ಯಾವುದು, ಬೆಲ್ಲದಂಥ ದಿನ ಯಾವುದು?’ ಎಂದು ಕೇಳಿ. ಆರು ವರ್ಷದ ಮಗು ಬಿದ್ದು ಮಂಡಿ ತರಚಿದ್ದು, ಅಜ್ಜಿ ಬಂದದ್ದು ಹೇಳುತ್ತದೆ. ನಾಲ್ಕು ವರ್ಷದ್ದು ಕಹಿ ಎಂದು ಉಗುಳುತ್ತದೆ, ಅದರ ವಯಸ್ಸಿಗೆ ಅದೇ ಸರಿಯಾದ ಉತ್ತರ. ಜೀವನ, ಸಮಚಿತ್ತ ಎಂದು ಭಾಷಣ ಬೇಡ. ಹಬ್ಬ ಬೇರೆಯಾದ ಮನೆಯ ಮಕ್ಕಳು ತಮ್ಮ ಮನೆಯ ಇಂಥದ್ದೊಂದನ್ನು ಹೇಳಲಿ.

ಬಾವುಟವನ್ನು ಎಣಿಕೆಯಿಂದ ಹಿಡಿಯಿರಿ: ಮೂರು ಪಟ್ಟಿ, ಚಕ್ರದಲ್ಲಿ 24 ಗೀಟು, ಅಗಲ ಎರಡಾದರೆ ಉದ್ದ ಮೂರು. 30 ಸೆಂ.ಮೀ.ಗೆ 20 ಸೆಂ.ಮೀ. ಕಾಗದ ಸರಿಹೋಗುತ್ತದೆ. ಕರ್ನಾಟಕದ ಲಾಂಛನದ ನಡುವೆ ಗಂಡಭೇರುಂಡವಿದೆ. ‘ಒಂದು ಹಕ್ಕಿಗೆ ಎರಡು ತಲೆ ಏಕೆ?’ ಎಂಬ ಪ್ರಶ್ನೆಗೆ ಮಕ್ಕಳು ಕೊಡುವ ಉತ್ತರಗಳನ್ನೆಲ್ಲ ಬರೆದಿಡಿ. ‘ಎರಡೂ ಕಡೆ ನೋಡೋಕೆ’ ಎಂದ ಮಗು ಗುರುತನ್ನು ಓದಲು ಕಲಿತಿದೆ.

ತಿಳಿಯಿತೇ ಎಂದು ನೋಡುವುದು

ಹೆಸರು ಹೇಳಿಸಿದರೆ ಏನೂ ತಿಳಿಯುವುದಿಲ್ಲ. ಮೂರು ಬಗೆಯಲ್ಲಿ ನೋಡಿ. ಲೋಟದ ಚಿತ್ರದಂಥ ಗುರುತನ್ನು ಹೊಸ ಜಾಗಕ್ಕೆ ಒಯ್ದಾಗ, ಅದು ಅಲ್ಲಿ ಹೇಳುವ ಮಾತು ಬೇರೆ ಎಂದು ಮಗು ತಿಳಿಯುತ್ತದೆಯೇ? ನೀವು ಬೇಕೆಂದೇ ತಪ್ಪು ಜಾಗದಲ್ಲಿ ಹಾಕಿದ ಗುರುತನ್ನು, ಅಂದರೆ ನೀರಿನ ಮಡಕೆಗೆ ಕಸದ ಬುಟ್ಟಿಯ ಚಿತ್ರವನ್ನು, ತಾನಾಗಿ ಬಂದು ತಿದ್ದುತ್ತದೆಯೇ? ಹೊಸ ಕೆಲಸಕ್ಕೆ ಹೊಸ ಗುರುತು ಮಾಡುತ್ತದೆಯೇ?

ಆನೆ-ಇರುವೆ ಚೀಟಿಯನ್ನು ಮೂರು ತಿಂಗಳಿಗೊಮ್ಮೆ ತೆಗೆಯಿರಿ. ಪದಗಳನ್ನು ಮಾತ್ರ ಬದಲಿಸಿ: ಕೋಣ, ಜಿರಳೆ. ರೈಲು, ಚಿಟಿಕೆ. ಎರಡು ಸಲ ಇನ್ನೂ ಉದ್ದದ ಚೀಟಿಯನ್ನೇ ತೋರಿಸಿದ ಮಗುವಿಗೆ ಬರವಣಿಗೆ ಅಭ್ಯಾಸ ಹೆಚ್ಚಿಸಬೇಡಿ. ಎರಡೂ ಪದವನ್ನು ಅಕ್ಷರಕ್ಕೊಂದು ಚಪ್ಪಾಳೆಯಂತೆ ಹೇಳಿಸಿ, ಚಪ್ಪಾಳೆಗೊಂದು ಬೀಜ ಇಡಿಸಿ, ಆಮೇಲೆ ಚೀಟಿ ತೋರಿಸಿ. ಕೋಣಕ್ಕೆ ಎರಡು ಬೀಜ, ಜಿರಳೆಗೆ ಮೂರು.